ತಾರಸಿಗೆ ಯಾವ ಹೊದಿಕೆ?

ಮಳೆಗಾಲದಲ್ಲಿ ಸೋರುವ ಮನೆ ಯಾರಿಗೂ ಹೊಸದಲ್ಲ. ಆದರೆ ಮಳೆ ನಿಂತು, ನವರಾತ್ರಿಯೂ ಕಳೆದು, ದೀಪಾವಳಿಗೆ ಬಣ್ಣ ಬಳಿಸುವ ಮಾತು ಬರುವ ಹೊತ್ತಿಗೂ ತೊಟ್ಟಿಕ್ಕುತ್ತಲೇ ಇರುವ ಮನೆಗಳು ಮುಂಬಯಿಯಲ್ಲಿ ಬೇಕಾದಷ್ಟಿವೆ. ಘಾಟ್ಕೋಪರ್, ಮುಲುಂಡ್, ಮಲಾಡ್ ಕಡೆಯ ಹಳೆಯ ಸೊಸೈಟಿಗಳಲ್ಲಿ ಕೊನೆಯ ಮಹಡಿಯಲ್ಲಿರುವ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತ ಅವರು ನಾಲ್ಕು ತಿಂಗಳು ಕಳೆದಿರುತ್ತಾರೆ.

ಇಂತಹ ಸೊಸೈಟಿಗಳ ಸಾಮಾನ್ಯ ಸಭೆಯಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ: ತಾರಸಿಗೆ ಏನು ಹಾಕಿಸೋಣ? ಒಬ್ಬರು ಕೋಬಾ ಎನ್ನುತ್ತಾರೆ, ಇನ್ನೊಬ್ಬರು ಡಾಂಬರು ಹಾಳೆ ಎನ್ನುತ್ತಾರೆ, ಮೂರನೆಯವರು ಪತ್ರಾ ಹೊದಿಸಿಬಿಡಿ ಎನ್ನುತ್ತಾರೆ. ಯಾರ ಪರಿಚಯದ ಕಂತ್ರಾಟುದಾರ ಏನು ಮಾರುತ್ತಾನೋ ಅದೇ ಕೊನೆಗೆ ತಾರಸಿಯನ್ನು ಏರುವುದು.

ನಮ್ಮ ಊರುಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಕರಾವಳಿಯವರಿಗೆ ಇಳಿಜಾರು ಮಾಡು, ಮೇಲೆ ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಹಡಗೇರಿ ಮುಂಬಯಿಗೂ ಬಂದಿತು. ಹೆಂಚಿನ ಮಾಡಿನಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ. ಒಂದು ಹೆಂಚು ಒಡೆದರೆ ಅದನ್ನು ತೆಗೆದು ಬೇರೊಂದನ್ನು ಇಟ್ಟರಾಯಿತು. ಬಯಲುಸೀಮೆಯವರದು ಮಣ್ಣಿನ ಮಾಳಿಗೆ. ಅದು ಮಟ್ಟಸ ನಿಜ, ಆದರೆ ಅಲ್ಲಿ ಬೀಳುವ ಮಳೆಯೂ ಅಷ್ಟಕ್ಕಷ್ಟೆ. ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹರಡಿ ತುಳಿದು ಗಟ್ಟಿ ಮಾಡುವ ಕೆಲಸವನ್ನು ಮನೆಯವರೇ ಮಾಡುತ್ತಿದ್ದರು. ಮುಂಬಯಿಯಲ್ಲಿ ಮಾತ್ರ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಕರಾವಳಿಯ ಮಳೆಯನ್ನು ಬಯಲುಸೀಮೆಯ ಮಟ್ಟಸ ಮಾಳಿಗೆಯ ಮೇಲೆ ಹಿಡಿಯುತ್ತಿದ್ದೇವೆ. ವರ್ಷಕ್ಕೊಮ್ಮೆ ಮೇಲೇರಿ ತುಳಿಯುವವರೂ ಇಲ್ಲ.

ಈ ನಗರದ ಹಳೆಯ ಉತ್ತರವೆಂದರೆ ಕೋಬಾ. ಚಪ್ಪಡಿಯನ್ನು ತೊಳೆದು, ಸಿಮೆಂಟಿನ ತಿಳಿ ಬಳಿದು, ನೆನೆಸಿದ ಇಟ್ಟಿಗೆ ಚೂರುಗಳನ್ನು ಒತ್ತಾಗಿ ಜೋಡಿಸಿ, ಸಂದುಗಳಲ್ಲಿ ಗಾರೆ ತುಂಬಿ, ನೂರು ಅಡಿಗೆ ಒಂದಡಿಯಂತೆ ಇಳಿಜಾರು ಕೊಟ್ಟು, ಮೇಲೆ ಒಂದಂಗುಲ ಗಾರೆ ಹೊಡೆದು ದಾರದಿಂದ ಚೌಕ ಗುರುತು ಹಾಕುತ್ತಾರೆ. ಗೋಡೆ ಸೇರುವ ಮೂಲೆಯಲ್ಲಿ ಗುಂಡಾಗಿ ಮೇಲೆತ್ತುವುದಕ್ಕೆ ಇಲ್ಲಿನವರು ವಾಟಾ ಎನ್ನುತ್ತಾರೆ. ಅನಂತರ ವಾರವಿಡೀ ನೀರು ನಿಲ್ಲಿಸಬೇಕು. ಬಲ್ಲವರು ಮಾಡಿದ ಕೋಬಾ ನೀರಿಗೂ ಬಿಸಿಲಿಗೂ ಅಡ್ಡ ನಿಲ್ಲುತ್ತದೆ. ಅದರ ಮೇಲೆ ನಡೆದಾಡಬಹುದು, ಹಪ್ಪಳ ಒಣಗಿಸಬಹುದು. ಹೊಸ ಕಟ್ಟಡಕ್ಕೆ ಇಂದಿಗೂ ನಾನು ಅದನ್ನೇ ಹೇಳುವೆನು.

ತೊಡಕು ಬರುವುದು ಅದು ಹಳತಾದ ಮೇಲೆ. ಬಿಸಿಲಿಗೆ ಮೇಲಿನ ಗಾರೆ ಕೂದಲೆಳೆಯಷ್ಟು ಬಿರಿಯುತ್ತದೆ. ಇಳಿದ ನೀರನ್ನು ಒಳಗಿನ ಇಟ್ಟಿಗೆ ಚೂರುಗಳು ಕುಡಿದು ಕೂಡಿಡುತ್ತವೆ. ಮಳೆ ನಿಂತ ಮೇಲೂ ವಾರಗಟ್ಟಲೆ ತೊಟ್ಟಿಕ್ಕುವುದು ಆ ಉಳಿತಾಯದ ನೀರು. ಚಪ್ಪಡಿಯೊಳಗಿನ ಕಬ್ಬಿಣ ಅದರಿಂದಲೇ ತುಕ್ಕು ಹಿಡಿದು ಉಬ್ಬಿ, ಕೆಳಗಿನ ಗಾರೆಯನ್ನು ಸಿಡಿಸಿ ತಲೆಯ ಮೇಲೆ ಬೀಳಿಸುತ್ತದೆ. ಒಳಗಿನಿಂದ ಬಣ್ಣ ಬಳಿದು ಕಲೆಯನ್ನು ಮುಚ್ಚುವುದು ಜ್ವರದವನಿಗೆ ಪೌಡರು ಹಚ್ಚಿದಂತೆ.

ಆಗ ಕಂತ್ರಾಟುದಾರ ಕೊಡುವ ಸಲಹೆ, ಹಳೆಯದರ ಮೇಲೆಯೇ ಇನ್ನೊಂದು ಕೋಬಾ. ಒಡೆಯುವ ಖರ್ಚು ಉಳಿಯಿತೆಂದು ಸಭೆಯೂ ಒಪ್ಪುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಾಲ್ಕೂವರೆ ಅಂಗುಲದ ಕೋಬಾ ಒಂದು ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ. 1500 ಚದರ ಅಡಿಯ ತಾರಸಿ, ಎಂದರೆ ಸುಮಾರು 140 ಚದರ ಮೀಟರ್. ಒಟ್ಟು 28 ಟನ್ನು. ಜನ ಓಡಾಡುವ ತಾರಸಿಯ ಮೇಲೆ ಬಂದುಹೋಗುವ ಭಾರವೆಂದು ಭಾರತೀಯ ಮಾನಕ ಲೆಕ್ಕಕ್ಕೆ ಹಿಡಿಯುವುದೇ ಚದರ ಮೀಟರಿಗೆ ಸುಮಾರು 150 ಕಿಲೋ. ಇಂಜಿನಿಯರನು ಒಂದು ಕೋಬಾದ ತೂಕವನ್ನು ಮೊದಲೇ ಎಣಿಸಿರಬಹುದು, ಎರಡನೆಯದನ್ನು ಎಣಿಸಿರಲಾರನು. ನಲವತ್ತು ವರ್ಷ ತುಕ್ಕು ತಿಂದ ಚಪ್ಪಡಿಯ ಮೇಲೆ, ಕೆಳಗೆ ಮಕ್ಕಳು ಮಲಗಿರುವಾಗ, ಈ 28 ಟನ್ನನ್ನು ಏರಿಸಕೂಡದು. ಹಳೆಯದನ್ನು ಒಡೆದು ಇಳಿಸಿ, ಚಪ್ಪಡಿಯನ್ನು ಪರೀಕ್ಷಿಸಿ, ಆಮೇಲೆ ಹೊಸದರ ಮಾತು.

ಹಗುರವಾದ ಹೊದಿಕೆಗಳೂ ಉಂಟು. ಡಾಂಬರಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ 4 ಮಿಲಿಮೀಟರ್ ಹಾಳೆ ಸುರುಳಿಯಾಗಿ ಬರುತ್ತದೆ; ಗ್ಯಾಸಿನ ಉರಿಯಿಂದ ಕರಗಿಸಿ ಅಂಟಿಸುತ್ತಾರೆ. ಚದರ ಮೀಟರಿಗೆ ನಾಲ್ಕೈದು ಕಿಲೋ ಮಾತ್ರ. ಒಂದರ ಮೇಲೊಂದು ಹಾಳೆ ನಾಲ್ಕಂಗುಲವಾದರೂ ಏರಿರಬೇಕು, ಗೋಡೆಯ ಮೇಲೂ ಹತ್ತಬೇಕು. ಬರಿಯ ಕಪ್ಪು ಹಾಳೆ ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ. ಆದುದರಿಂದ ಮೇಲೆ ಹರಳು ಅಂಟಿಸಿದ ಹಾಳೆಯನ್ನೇ ಕೇಳಿರಿ. ಟೀವಿಯ ತಟ್ಟೆ ನಿಲ್ಲಿಸಲು ಬಂದವನು ಒಂದು ಮೊಳೆ ಹೊಡೆದರೆ ಎಲ್ಲವೂ ವ್ಯರ್ಥ.

ಬಣ್ಣದಂತೆ ಬಳಿಯುವ ಲೇಪಗಳಲ್ಲಿ ಎರಡು ಜಾತಿ. ಅಗ್ಗದ ಅಕ್ರಿಲಿಕ್ ನಿಂತ ನೀರನ್ನು ತಾಳದು. ಪಾಲಿಯುರೆಥೇನ್ ತಾಳುತ್ತದೆ, ಬೆಲೆಯೂ ಹೆಚ್ಚು. ಬಿಳಿಯದಾದರೆ ಕೋಣೆಯ ಸೆಖೆಯೂ ತಗ್ಗುತ್ತದೆ. ಎರಡಕ್ಕೂ ನೆಲ ಪೂರ್ತಿ ಒಣಗಿರಬೇಕು. ಒದ್ದೆ ಕೋಬಾದ ಮೇಲೆ ಬಳಿದರೆ ಬಿಸಿಲಿಗೆ ಆವಿ ಎದ್ದು ಗುಳ್ಳೆ ಏಳುತ್ತದೆ.

ಇನ್ನು ಪತ್ರಾ. ನೋಡಲು ಚೆಂದವಲ್ಲ, ಮಳೆಯ ಸದ್ದು ಕಿವಿ ಕಿವುಡಾಗಿಸುತ್ತದೆ, ಗಾಳಿಗೆ ಹಾರದಂತೆ ಬಿಗಿಯಬೇಕು, ಮಹಾನಗರಪಾಲಿಕೆಯ ಅನುಮತಿಯೂ ಬೇಕು. ಆದರೂ ಕಟ್ಟಡವನ್ನು ಮೂರು ನಾಲ್ಕು ವರ್ಷಗಳಲ್ಲಿ ಕೆಡವಿ ಹೊಸದಾಗಿ ಕಟ್ಟಿಸುವ ಮಾತುಕತೆ ನಡೆದಿರುವ ಸೊಸೈಟಿಗೆ ಅದೇ ಲೇಸು. ಬೀಳುವ ಮನೆಗೆ ದುಬಾರಿ ಕೋಬಾ ಯಾಕೆ?

ಯಾವ ಹೊದಿಕೆಯೇ ಆಗಲಿ, ಅದಕ್ಕಿಂತ ಮೊದಲು ನೋಡಬೇಕಾದದ್ದು ನೀರಿನ ದಾರಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಮೇಲೆ ಹೇಳಿದ 140 ಚದರ ಮೀಟರಿನ ತಾರಸಿಗೆ ಅಂದು ಬಿದ್ದ ನೀರು 1,32,000 ಲೀಟರು; ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಾದರೆ ಹದಿಮೂರು. ಕೊಳವೆಯ ಬಾಯಿಗೆ ಅಶ್ವತ್ಥದ ಎಲೆಯೋ ಪ್ಲಾಸ್ಟಿಕ್ ಚೀಲವೋ ಅಡ್ಡ ಬಂದರೆ ತಾರಸಿಯೇ ಕೆರೆ. ಸೋರಿಕೆ ಹೆಚ್ಚಾಗಿ ಹುಟ್ಟುವುದು ನಟ್ಟನಡುವೆ ಅಲ್ಲ. ಕೊಳವೆಯ ಬಾಯಿ, ವಾಟಾ, ಮೋಟುಗೋಡೆಯ ಬಿರುಕು, ಟಾಕಿಯ ಕಾಲು, ಇಲ್ಲಿ. ಬೇಸಗೆಯಲ್ಲೂ ತೇವವಿದ್ದರೆ ತಪ್ಪು ಟಾಕಿಯದೋ ಕೊಳವೆಯದೋ ಆಗಿರಬಹುದು. ಮಾರ್ಚಿಯಲ್ಲಿ ತಾರಸಿಯ ಒಂದೊಂದೇ ಭಾಗಕ್ಕೆ ಮಣ್ಣಿನ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ನೋಡಿದರೆ ಕಳ್ಳ ಸಿಕ್ಕುತ್ತಾನೆ.

ಖರ್ಚು ಯಾರದು? "ಸೋರುವುದು ಅವರ ಮನೆ, ಅವರೇ ಮಾಡಿಸಿಕೊಳ್ಳಲಿ" ಎಂಬ ಮಾತು ಮೊದಲ ಮಹಡಿಯಿಂದ ಏಳುವುದುಂಟು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳು ಇದನ್ನು ಒಪ್ಪುವುದಿಲ್ಲ. ತಾರಸಿ ಸೊಸೈಟಿಯದು, ಮಳೆನೀರಿನ ಸೋರಿಕೆಯ ದುರಸ್ತಿಯೂ ಸೊಸೈಟಿಯ ಖರ್ಚು. ಕಟ್ಟಡಕ್ಕೆ 15 ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ, 30 ದಾಟಿದ ಮೇಲೆ ಮೂರು ವರ್ಷಕ್ಕೊಮ್ಮೆ ರಚನಾ ತಪಾಸಣೆ ಆಗಬೇಕೆಂದೂ ಅವು ವಿಧಿಸುತ್ತವೆ. ಆದುದರಿಂದ ಕೊನೆಯ ಮಹಡಿಯವರು ಬಾಯಿಮಾತಿನಲ್ಲಿ ದೂರಿ ಸುಮ್ಮನಾಗಬಾರದು. ಕಾರ್ಯದರ್ಶಿಗಳಿಗೆ ಕಾಗದ ಬರೆದು, ತಲುಪಿದುದಕ್ಕೆ ಸಹಿ ಪಡೆಯಬೇಕು. ಕಡತದಲ್ಲಿಲ್ಲದ ಸೋರಿಕೆ ಸಭೆಯಲ್ಲಿ ಸೋರಿಕೆಯೇ ಅಲ್ಲ.

ಕೆಲಸ ಏಪ್ರಿಲಿನೊಳಗೆ ಮುಗಿಯಲಿ. ಮಳೆ ಜೂನ್ ಎರಡನೆಯ ವಾರ ಬರುವುದು ವಾಡಿಕೆಯಾದರೂ 2025ರಲ್ಲಿ ಮೇ 26ಕ್ಕೇ ಬಂದು, ತಾರಸಿ ಒಡೆದು ಕೂತವರನ್ನು ಕಂಗಾಲು ಮಾಡಿತು. ದರಪಟ್ಟಿ ತರಿಸುವಾಗ ಹಳೆಯ ಕೋಬಾ ಒಡೆದು ಮಣ್ಣು ಸಾಗಿಸುವುದು, ಇಳಿಜಾರು, ವಾಟಾ, ಕೊಳವೆಯ ಬಾಯಿ ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿಸಿರಿ. ಹತ್ತು ವರ್ಷದ ಗ್ಯಾರಂಟಿಯ ಕಾಗದಕ್ಕಿಂತ ಕೈಯಲ್ಲಿ ಉಳಿಸಿಕೊಂಡ ಹಣ ಹೆಚ್ಚು ಕೆಲಸ ಮಾಡುತ್ತದೆ. ಹತ್ತರಲ್ಲಿ ಒಂದು ಪಾಲನ್ನು ಒಂದು ಮಳೆಗಾಲ ಪೂರ್ತಿ ಕಳೆದ ಮೇಲೆಯೇ ಕೊಡುವುದೆಂದು ಕರಾರಿನಲ್ಲಿ ಸೇರಿಸಿರಿ. ಸೆಪ್ಟೆಂಬರಿನಲ್ಲಿ ಅಲ್ಲ, ಇಟ್ಟಿಗೆ ಚೂರುಗಳು ತಮ್ಮ ಉಳಿತಾಯವನ್ನು ಹೊರಹಾಕುವ ಅಕ್ಟೋಬರೂ ಮುಗಿದ ಮೇಲೆ.