ನಾನು ಮಾಡಿದರೆ ಕಲೆ, ಬಡಗಿ ಮಾಡಿದರೆ ಕೂಲಿ

ನನ್ನ ಹಾಸ್ಟೆಲ್ ಕೋಣೆಯ ಮೇಜಿನ ಮೇಲೆ ಹೆಡ್‌ಫೋನ್ ತೂಗುಹಾಕುವ ಸ್ಟ್ಯಾಂಡ್ ಒಂದಿದೆ. ಮುರಿದ ಕುರ್ಚಿಯ ಕಾಲು ಅದರ ಕಂಬ, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಅದರ ಪೀಠ, ಉದ್ದಕ್ಕೆ ಸೀಳಿದ ಹಳೆಯ ಲಟ್ಟಣಿಗೆ ಅದರ ತಲೆ. ಮೊಳೆಗೆ ನೇತುಹಾಕಿದರೆ ಹೆಡ್‌ಫೋನ್ ಪಟ್ಟಿಯ ಮೆತ್ತೆ ಒಂದೇ ಕಡೆ ಒತ್ತಿ ತಗ್ಗು ಬೀಳುತ್ತದೆ. ದುಂಡನೆಯ ತಲೆಯಿದ್ದರೆ ಭಾರ ಹರಡಿಕೊಳ್ಳುತ್ತದೆ. ಇಷ್ಟಕ್ಕೆ ನನಗೆ ಮೂರು ಸಂಜೆ ಬೇಕಾಯಿತು. ಮೊದಲ ದಿನ ಕಂಬ ವಾಲಿತು, ಎರಡನೆಯ ದಿನ ಹಲಗೆ ಬಿರುಕುಬಿಟ್ಟಿತು.

ನೋಡಿದ ಗೆಳೆಯರೆಲ್ಲ ‘ಎಷ್ಟು ಕ್ರಿಯೇಟಿವ್!’ ಎಂದರು. ನನ್ನ ತಕರಾರು ಇರುವುದೇ ಆ ಮೆಚ್ಚುಗೆಯ ಬಗ್ಗೆ. ಹೋದ ವರ್ಷ ಪುಸ್ತಕದ ಕಪಾಟು ಮಾಡಿಕೊಟ್ಟ ಬಡಗಿಯೊಬ್ಬರ ಹತ್ತಿರ ‘ನಾಲ್ಕು ಹಲಗೆ ಜೋಡಿಸೋದಕ್ಕೆ ಇಷ್ಟು ದುಡ್ಡಾ?’ ಎಂದು ಚೌಕಾಸಿ ಮಾಡಿದವನು ನಾನೇ. ಅವರ ಕಸುಬು ಕೂಲಿ, ನನ್ನ ಹವ್ಯಾಸ ಕಲೆ! ಉಳಿ ಹಿಡಿದ ಕೈ ಯಾವ ಕೇರಿಯದು ಎಂದು ನೋಡಿ ಬೆಲೆ ಕಟ್ಟುವ ಹಳೆಯ ಚಾಳಿ ಇದು. ಕಾಯಕದ ಬಗ್ಗೆ ಪ್ರಬಂಧ ಮಂಡಿಸುವ ನಮ್ಮನ್ನೂ ಅದು ಬಿಟ್ಟಿಲ್ಲ.

1974ರಲ್ಲಿ ಇಟಲಿಯ ವಿನ್ಯಾಸಕ ಎಂಜೊ ಮಾರಿ, ಬರೀ ಹಲಗೆ ಮತ್ತು ಮೊಳೆಗಳಿಂದ ಮಾಡಬಹುದಾದ ಮೇಜು, ಕುರ್ಚಿ, ಮಂಚಗಳ ನಕ್ಷೆಗಳನ್ನು ಅಂಚೆವೆಚ್ಚ ಕಳಿಸಿದವರಿಗೆಲ್ಲ ಹಂಚಿದ. ಎಲ್ಲರೂ ಬಡಗಿಗಳಾಗಲಿ ಎಂದಲ್ಲ. ಕೈಯಾರೆ ಮಾಡಿ ನೋಡಿದವರಿಗೆ ವಸ್ತುವಿನ ಗುಣ ಅಳೆಯುವ ಕಣ್ಣು ಬರಲಿ ಎಂದು.

ಹಾಗಾಗಿ, ‘ಕಸದಿಂದ ರಸ’ ಎನ್ನುವ ಗೆಳೆಯರೇ, ಸ್ಟ್ಯಾಂಡ್ ಮಾಡಿ, ಫೋಟೊನೂ ಹಾಕಿ. ಆದರೆ ಬಡಗಿ ಹೇಳಿದ ದರ ಕೇಳಿ ಚೌಕಾಸಿಗೆ ಬಾಯಿ ತೆರೆಯುವ ಮುನ್ನ ನಿಮ್ಮ ವಾಲಿದ ಕಂಬವನ್ನೊಮ್ಮೆ ನೆನೆಯಿರಿ.