ಮೊದಲು ಹಳೆಯ ಸಾಲ ತೀರಲಿ

ಚೀನಾದ ತ್ರೀ ಗಾರ್ಜಸ್ ಅಣೆಕಟ್ಟಿನ ಮಾತು ಬಂದರೆ ಮೈಸೂರಿನ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಯಾಂಗ್ತ್ಸೆ ನದಿಯ ಆ 22,500 ಮೆಗಾವಾಟ್ ಯೋಜನೆಗಾಗಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು, ಅಲ್ಲಿ ಕೇಳುವವರಿಲ್ಲ, ನಮ್ಮದು ಪ್ರಜಾಪ್ರಭುತ್ವ. ಶರಾವತಿಯ ದಂಡೆಯಲ್ಲಿ ನಿಂತು ಈ ಮಾತು ಹೇಳುವ ಧೈರ್ಯ ಯಾರಿಗಿದೆ?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ತೋಟ, ಗದ್ದೆ, ಮನೆಗಳು ಮುಳುಗಿದವು. ಎಬ್ಬಿಸಿದವರಿಗೆ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ನೆಲೆ ತೋರಿಸಿದರು. ದಾಖಲೆಯಲ್ಲಿ ಮಾತ್ರ ಆ ನೆಲ ಅರಣ್ಯವಾಗಿಯೇ ಉಳಿಯಿತು. ಅದನ್ನು ಅರಣ್ಯದಿಂದ ಬಿಡಿಸಿದ ಸರ್ಕಾರಿ ಆದೇಶಗಳನ್ನೂ, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂದು, ಹೈಕೋರ್ಟ್ 2021ರಲ್ಲಿ ರದ್ದುಮಾಡಿತು. ಮೂರನೆಯ ತಲೆಮಾರು ಈಗ ಹಕ್ಕುಪತ್ರಕ್ಕಾಗಿ ಅಲೆಯುತ್ತಿದೆ. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರು ಆರು ದಶಕ ಲಾಂಚಿಗೆ ಕಾದು, 2025ರಲ್ಲಿ ಸೇತುವೆ ಕಂಡರು.

ಈಗ ಅದೇ ಕಣಿವೆಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ತರಲು ಹೊರಟಿದ್ದಾರೆ. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ಎತ್ತಲು ಖರ್ಚಾಗುವ ವಿದ್ಯುತ್ತು ತಿರುಗಿ ಬರುವುದಕ್ಕಿಂತ ಹೆಚ್ಚು. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಕಾದಿಡಲು ಇಂಥದ್ದೊಂದು ಬೇಕು ಎಂಬ ವಾದದಲ್ಲಿ ಹುರುಳಿದೆ, ಒಪ್ಪೋಣ. ಆದರೆ ಯೋಜನೆ ಹಾಯುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಮುಳುಗಡೆಯವರು ಕೇಳಿದಾಗ ಮುಟ್ಟಬಾರದ ಕಾಡು, ವಿದ್ಯುತ್ ನಿಗಮ ಕೇಳಿದಾಗ ಬಿಟ್ಟುಕೊಡಬಹುದಾದ ಕಾಡು ಆಗುವುದು ಹೇಗೆ? ಕಾನೂನು ಒಂದೇ ಆದರೆ ಇಬ್ಬರಿಗೂ ಒಂದೇ ಆಗಲಿ. ಒಬ್ಬರಿಗಾಗಿ ದೆಹಲಿಯವರೆಗೂ ಕಡತ ಹೊರುವ ಸರ್ಕಾರಕ್ಕೆ ಇನ್ನೊಬ್ಬರ ಕಡತ ಭಾರವಾಗಬಾರದು.

ಇದು ಮಲೆನಾಡಿನವರ ಪಾಡು ಎಂದು ಮೈಸೂರು ಕೈತೊಳೆದುಕೊಳ್ಳುವಂತಿಲ್ಲ. 1908ರಲ್ಲಿ ಶಿವನಸಮುದ್ರದ ವಿದ್ಯುತ್ತು ಈ ಊರಿಗೆ ಬಂದಾಗಿನಿಂದಲೂ ನಮ್ಮ ಬೆಳಕು ದೂರದ ಹೊಳೆಗಳದ್ದು. ಶರಾವತಿಯ ವಿದ್ಯುತ್ತು ರಾಜ್ಯದ ಜಾಲಕ್ಕೆ ಸೇರಿ ನಮ್ಮ ಮನೆಗಳಿಗೂ ಬರುತ್ತದೆ. ದಸರೆಯಲ್ಲಿ ಅರಮನೆಯ ದೀಪ ನೋಡಿ ಬೆರಗಾಗುವ ನಾವು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಕೇಳುವುದಿಲ್ಲ. ಮುಳುಗಿದ ಕನ್ನಂಬಾಡಿಯ ಹೆಸರನ್ನು ಕಟ್ಟೆಗಾದರೂ ಉಳಿಸಿಕೊಂಡೆವು. ಶರಾವತಿಯ ಸಾವಿರಾರು ಕುಟುಂಬಗಳಿಗೆ ಕೊಡಬೇಕಾದ ಕಾಗದವನ್ನೂ ಕೊಟ್ಟಿಲ್ಲ.

ಕೊನೆಯ ಕುಟುಂಬದ ಕೈಗೆ ಹಕ್ಕುಪತ್ರ ಸೇರುವವರೆಗೆ ಆ ಕಣಿವೆಯಲ್ಲಿ ಹೊಸ ಗುದ್ದಲಿ ಬೀಳಬಾರದು. ಈ ಮಾತನ್ನು ಸಾಗರದವರು ಸಾಕಷ್ಟು ಹೇಳಿದ್ದಾರೆ. ಇನ್ನು ದೀಪ ಹಚ್ಚಿಕೊಂಡ ನಾವು ಹೇಳಬೇಕು.