ವಸಂತದಲ್ಲಿ ಹಕ್ಕಿಗಳು ನಮ್ಮೂರಿಗೆ ಬರುತ್ತವೆಯೇ, ಹೋಗುತ್ತವೆಯೇ?

ಮಾವು ಚಿಗುರಿ ಕೋಗಿಲೆ ಕೂಗತೊಡಗಿದರೆ ‘ವಸಂತ ಬಂತು, ಹಕ್ಕಿಗಳೂ ಬಂದವು’ ಎನ್ನುವುದು ವಾಡಿಕೆ. ಯುರೋಪ್, ಅಮೆರಿಕದ ಮಟ್ಟಿಗೆ ಈ ಮಾತು ಸರಿ. ಗದಗ ಜಿಲ್ಲೆಯಲ್ಲಿ ಲೆಕ್ಕ ತಿರುಗುಮುರುಗು. ಚಳಿಗಾಲ ಕಳೆಯಲು ಉತ್ತರದಿಂದ ಬಂದ ಹಕ್ಕಿಗಳು ಫೆಬ್ರುವರಿಯಿಂದ ಏಪ್ರಿಲ್ ನಡುವೆ ಇಲ್ಲಿಂದ ಹೊರಡುತ್ತವೆ. ನಮಗೆ ವಸಂತವೆಂದರೆ ಬೀಳ್ಕೊಡುಗೆಯ ಕಾಲ.

ಹಾಗಾದರೆ ಕೋಗಿಲೆ?

ಕೋಗಿಲೆ ಎಲ್ಲಿಂದಲೂ ಬರುವುದಿಲ್ಲ, ವರ್ಷವಿಡೀ ನಮ್ಮ ಮರಗಳಲ್ಲೇ ಇರುತ್ತದೆ. ಚಳಿಗಾಲದಲ್ಲಿ ಮೌನವಾಗಿರುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೆ. ಸಂತಾನದ ಕಾಲ ಹತ್ತಿರವಾದಾಗ ಗಂಡು ಕೂಗುತ್ತದೆ, ಹೆಣ್ಣು ಕಾಗೆಯ ಗೂಡು ಹುಡುಕುತ್ತದೆ.

ನಿಜವಾದ ವಲಸಿಗರು ಯಾರು?

ಹಿತ್ತಲಲ್ಲಿ ಬಾಲ ಕುಣಿಸುತ್ತ ಹುಳ ಹೆಕ್ಕುವ ಬೂದು ಸಿಪಿಲೆ, ಬೇವಿನ ಎಲೆಗಳ ನಡುವೆ ‘ಚಿಲಿಪ್’ ಎನ್ನುವ ಪುಟ್ಟ ಹಸಿರು ಉಲಿಯಕ್ಕಿ, ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂರುವ ಅಂಬರಗುಬ್ಬಿ, ಜೋಳದ ಹೊಲಕ್ಕೆ ಮೋಡದಂತೆ ಇಳಿಯುವ ಗುಲಾಬಿ ಮೈನಾ. ಇವುಗಳನ್ನು ಗದಗ-ಬೆಟಗೇರಿಯ ಓಣಿಗಳಿಂದ ಮುಂಡರಗಿಯ ಎರೆಹೊಲಗಳವರೆಗೆ ನೋಡಬಹುದು.

ಇವರಲ್ಲಿ ಹೆಸರಾಂತ ಅತಿಥಿ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್, ಲಡಾಖ್ ಮೊದಲಾದ ಎತ್ತರದ ನಾಡುಗಳಲ್ಲಿ ಮರಿ ಮಾಡುವ ಈ ಹಕ್ಕಿಗಳು ಚಳಿಗಾಲಕ್ಕೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಸಾವಿರಗಟ್ಟಲೆ ಬರುತ್ತವೆ. ನೀರಾವರಿಗಾಗಿ ಜನರೇ ಕಟ್ಟಿದ, ಸುಮಾರು 50 ಹೆಕ್ಟೇರಿನ ಈ ಕೆರೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿತು.

ಇವು ಎವರೆಸ್ಟ್ ಮೇಲೆ ಹಾರುತ್ತವೆಯೇ?

ವಾಟ್ಸ್‌ಆ್ಯಪ್‌ನಲ್ಲಿ ಹೆಚ್ಚು ಓಡಾಡುವ ಮಾತಿದು. ವಿಜ್ಞಾನಿಗಳು ಹೆಬ್ಬಾತುಗಳಿಗೆ ಉಪಗ್ರಹ ಸಾಧನ ಕಟ್ಟಿ ನೋಡಿದಾಗ ದಾಖಲಾದ ಗರಿಷ್ಠ ಎತ್ತರ ಸುಮಾರು 7,290 ಮೀಟರ್. ಎವರೆಸ್ಟ್ 8,849 ಮೀಟರ್. ಹಾರಾಟದ ಬಹುಪಾಲು 5,500 ಮೀಟರಿಗಿಂತ ಕೆಳಗೇ ನಡೆಯುತ್ತದೆ. ಅವು ಕಣಿವೆಗಳ ದಾರಿ ಹಿಡಿದು, ನೆಲದ ಏರಿಳಿತಕ್ಕೆ ತಕ್ಕಂತೆ ಏರಿ ಇಳಿಯುತ್ತ ಹೋಗುತ್ತವೆ. ತೆಳುವಾದ ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿಯುವ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ. ಉತ್ಪ್ರೇಕ್ಷೆ ಬೇಡ, ನಿಜವೇ ಸಾಕಷ್ಟು ಅಚ್ಚರಿಯದು.

ಬಿಸಿಲು ತಾಳಲಾರದೆ ಹೋಗುತ್ತವೆಯೇ?

ಮುಖ್ಯ ಸೂಚನೆ ಬಿಸಿಲಲ್ಲ, ಹಗಲಿನ ಉದ್ದ. ಹಗಲು ದಿನದಿನಕ್ಕೆ ಹಿಗ್ಗುವುದನ್ನು ಹಕ್ಕಿಯ ಮಿದುಳು ಗ್ರಹಿಸುತ್ತದೆ, ಹಾರ್ಮೋನುಗಳು ಬದಲಾಗುತ್ತವೆ. ಆಗ ಹಕ್ಕಿ ಹೆಚ್ಚು ತಿಂದು ಮೈಯಲ್ಲಿ ಕೊಬ್ಬು ಕೂಡಿಸುತ್ತದೆ. ಪ್ರಯಾಣದ ಇಂಧನ ಅದೇ. ಗಾಳಿ, ನೀರು, ಮೇವಿನ ಸ್ಥಿತಿ ನೋಡಿಕೊಂಡು ದಿನ ಹಿಂದೆಮುಂದೆ ಆಗುತ್ತದೆ.

ಸಮಸ್ಯೆ ಇರುವುದೂ ಇಲ್ಲೇ. ಹೆಬ್ಬಾತು ಮೀನು ನಂಬಿ ಬದುಕುವ ಹಕ್ಕಿಯಲ್ಲ. ಹಗಲು ಕೆರೆಯಲ್ಲಿ ವಿಶ್ರಮಿಸಿ, ಸಂಜೆಯಾದ ಮೇಲೆ ಸುತ್ತಲ ಹೊಲಗಳಲ್ಲಿ ಹುಲ್ಲು, ಕಾಳು, ಎಳೆಯ ಪೈರು ಮೇಯುತ್ತದೆ. ಕೆರೆಗೆ ರಾಮ್ಸಾರ್ ಗೌರವ ಸಿಕ್ಕರೂ ಹಕ್ಕಿಗೆ ಮೇವು ಸಿಗುವುದು ರೈತರ ಹೊಲದಲ್ಲಿ. ಪೈರು ಕಳೆದುಕೊಂಡ ರೈತನ ಅಳಲು ಕೇಳದೆ ಹಕ್ಕಿ ಉಳಿಸುವ ಮಾತು ಪೂರ್ತಿಯಾಗದು. ಹಾಗೆಯೇ ಪಟಾಕಿ ಸಿಡಿಸಿ, ಡ್ರೋನ್ ಹಾರಿಸಿ ಹಕ್ಕಿಗಳನ್ನು ಪದೇಪದೇ ಎಬ್ಬಿಸಿದರೆ ಸಾವಿರಾರು ಕಿಲೋಮೀಟರಿಗೆ ಕೂಡಿಟ್ಟ ಕೊಬ್ಬು ಇಲ್ಲೇ ಕರಗುತ್ತದೆ.

ನಾವೇನು ಮಾಡಬಹುದು?

• ಹಿತ್ತಲಲ್ಲಿ ಅಗಲವಾದ, ಆಳವಿಲ್ಲದ ಪಾತ್ರೆಯಲ್ಲಿ ನೀರಿಡಿ. ದಿನವೂ ತೊಳೆದು ಬದಲಿಸಿ, ಇಲ್ಲದಿದ್ದರೆ ಸೊಳ್ಳೆಯೂ ರೋಗವೂ ಹುಟ್ಟುತ್ತವೆ.
• ಉಲಿಯಕ್ಕಿ, ಸಿಪಿಲೆಗಳು ಹುಳ ತಿನ್ನುವವು. ಅವುಗಳಿಗೆ ಅನ್ನ, ಬ್ರೆಡ್ಡಿಗಿಂತ ಕೀಟನಾಶಕವಿಲ್ಲದ ಗಿಡವೇ ಊಟ.
• ಹಕ್ಕಿ ನೋಡಿದರೆ ಹಕ್ಕಿಜ್ವರ ಬರುವುದಿಲ್ಲ. ಆದರೆ ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ.
• ಸಿಪಿಲೆಯನ್ನು ಕೊನೆಯ ಬಾರಿ ಕಂಡ ದಿನ ಯಾವುದು? ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸಾಧ್ಯವಾದರೆ ಇ-ಬರ್ಡ್ ಆ್ಯಪ್‌ನಲ್ಲಿ ದಾಖಲಿಸಿ. ಫೆಬ್ರುವರಿಯ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಣಿಕೆಗೆ ಹಿತ್ತಲಲ್ಲಿ ನಿಂತು 15 ನಿಮಿಷ ಎಣಿಸಿದರೂ ಸಾಕು.

ಹಕ್ಕಿ ಬಂದದ್ದನ್ನು ಎಲ್ಲರೂ ಗಮನಿಸುತ್ತಾರೆ, ಹೋದದ್ದನ್ನು ಬರೆದಿಡುವವರು ಕಡಿಮೆ. ಋತುಗಳ ಲೆಕ್ಕ ತಪ್ಪುತ್ತಿದೆಯೇ ಎಂದು ತಿಳಿಯಲು ಆ ತಾರೀಖುಗಳೂ ಬೇಕು.